ಲೈನ್‌ಮ್ಯಾನ್‌ಗೆ ಗೊತ್ತಿರುವ ಕಂಪ್ಯೂಟರ್ ಸೈನ್ಸ್ ನಮ್ಮ ಹೈಸ್ಕೂಲಿಗೆ ಯಾಕೆ ಗೊತ್ತಿಲ್ಲ?

ಕಳೆದ ಜುಲೈಯಲ್ಲಿ ಕೊಡಗಿನ ಸೋಮವಾರಪೇಟೆ ಕಡೆಯ ಒಂದು ಹೈಸ್ಕೂಲಿಗೆ ಹೋಗಿದ್ದೆ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ಏನಾದರೂ ಹೇಳಿಕೊಡಿ ಅಂತ ಅಲ್ಲಿನ ಗಣಿತದ ಮೇಷ್ಟ್ರು ಕೇಳಿದ್ದರು. ಲ್ಯಾಪ್‌ಟಾಪಿಗೆ ಅದೂ ಇದೂ ತುಂಬಿಕೊಂಡು, ಪ್ರೊಜೆಕ್ಟರ್ ಇದೆಯಾ ಅಂತ ಎರಡೆರಡು ಸಲ ಫೋನ್ ಮಾಡಿ ಕೇಳಿ, ಜರ್ಕಿನ್ ಹಾಕಿಕೊಂಡು ಹೊರಟೆ. ಹೋಗಿ ನೋಡಿದರೆ ಕರೆಂಟ್ ಹೋಗಿ ಮೂರನೇ ದಿನ. ಲ್ಯಾಬಿಗೆ ಬೀಗ. ಯುಪಿಎಸ್ ಬ್ಯಾಟರಿ ಸತ್ತು ಯಾವ ಕಾಲವಾಯ್ತೋ ಯಾರಿಗೂ ನೆನಪಿಲ್ಲ. ಹಂಚಿನ ಮೇಲೆ ಮಳೆ ಎಷ್ಟು ಜೋರಾಗಿ ಹೊಡೆಯುತ್ತಿತ್ತು ಅಂದರೆ ಮುಂದಿನ ಬೆಂಚಿಗೆ ಕೇಳಿಸಬೇಕಾದರೂ ಕೂಗಬೇಕು.

ಸರಿ, ಇವರಿಗೆ ಈಗಾಗಲೇ ಏನು ಗೊತ್ತಿದೆ ನೋಡೋಣ ಅಂತ ಶುರು ಮಾಡಿದೆ. ಕಂಪ್ಯೂಟರ್ ಪಿತಾಮಹ ಯಾರು? ಇಡೀ ಕ್ಲಾಸ್ ಒಂದೇ ದನಿಯಲ್ಲಿ ಚಾರ್ಲ್ಸ್ ಬ್ಯಾಬೇಜ್ ಅಂತು. ರ್‍ಯಾಮ್ ಫುಲ್ ಫಾರ್ಮ್? ಅದೂ ಬಂತು. ಸಿಪಿಯು ಎಲ್ಲಿರುತ್ತೆ? "ಟೇಬಲ್ ಕೆಳಗೆ ಸಾರ್." ನಗಬೇಡಿ, ಬೆಂಗಳೂರಿನ ಆಫೀಸುಗಳಲ್ಲೂ ಆ ದೊಡ್ಡ ಡಬ್ಬವನ್ನೇ ಸಿಪಿಯು ಅಂತಾರೆ. ನಿಜವಾದ ಸಿಪಿಯು ಆ ಡಬ್ಬದೊಳಗಿರುವ, ಬಿಸ್ಕತ್ತಿಗಿಂತ ಚಿಕ್ಕದಾದ ಒಂದು ಚಿಪ್. ಆಮೇಲೆ ಕೇಳಿದೆ, ಕಂಪ್ಯೂಟರ್ ಒಂದು ಹೆಸರನ್ನು ಸಾವಿರ ಹೆಸರುಗಳ ಮಧ್ಯೆ ಹೇಗೆ ಹುಡುಕುತ್ತೆ? ಅದಕ್ಕೆ ಮಳೆ ಸದ್ದು ಮಾತ್ರ.

ಇದು ಮಕ್ಕಳ ತಪ್ಪಲ್ಲ. ಮೇಷ್ಟ್ರ ತಪ್ಪು ಅಂತಲೂ ಹೇಳಲಾರೆ. ಪರೀಕ್ಷೆಯಲ್ಲಿ ಒಂದು ಮಾರ್ಕಿಗೆ ಏನು ಕೇಳುತ್ತಾರೋ ಅದನ್ನೇ ಕಲಿಸುತ್ತಾರೆ, ಅದನ್ನೇ ಕಲಿಯುತ್ತಾರೆ.

ಈಗ ಇದನ್ನೆಲ್ಲ ಎತ್ತಲು ಕಾರಣ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಹಂತಕ್ಕೆ, ಅಂದರೆ ಆರನೇ ಕ್ಲಾಸಿನ ಆಸುಪಾಸಿಗೆ, ಕೋಡಿಂಗ್ ಬರಬೇಕು ಅಂತ ಹೇಳಿತು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಇನ್ನೂ ಮುಂದೆ ಹೋಗಿ, 2026-27ರಿಂದ ಮೂರನೇ ಕ್ಲಾಸಿನಿಂದಲೇ ಎಐ (ಕೃತಕ ಬುದ್ಧಿಮತ್ತೆ) ಮತ್ತು ಕಂಪ್ಯೂಟೇಶನಲ್ ಥಿಂಕಿಂಗ್ (ಸಮಸ್ಯೆಯನ್ನು ಹಂತ ಹಂತವಾಗಿ ಒಡೆದು ಯೋಚಿಸೋದು) ಅಂದಿತು. ನಮ್ಮ ಪಕ್ಕದ ಕೇರಳ 2001ರಲ್ಲೇ ಐಟಿ@ಸ್ಕೂಲ್ ಅಂತ ಶಾಲೆಗಳಿಗೆ ಒಂದು ಕಂಪ್ಯೂಟರ್ ಯೋಜನೆ ಶುರು ಮಾಡಿ, 2017ರಲ್ಲಿ ಅದನ್ನು 'ಕೈಟ್' ಅನ್ನುವ ಸಂಸ್ಥೆ ಮಾಡಿ, 2024ರಲ್ಲಿ ಏಳನೇ ಕ್ಲಾಸಿನ ಪುಸ್ತಕಕ್ಕೆ ಎಐ ಪಾಠ ಹಾಕಿತು, 2025ರಲ್ಲಿ ಹತ್ತನೇ ಕ್ಲಾಸಿಗೆ ರೋಬೋಟಿಕ್ಸ್ ತಂದಿತು. ವಿರಾಜಪೇಟೆಯಿಂದ ಬಸ್ ಹತ್ತಿ ಮಾಕುಟ್ಟ ದಾಟಿದರೆ ಆ ರಾಜ್ಯ ಸಿಗುತ್ತದೆ. ಗಡಿಯ ಆಚೆ ಈಚೆ ಮಳೆ ಒಂದೇ, ಕಾಡು ಒಂದೇ, ಪಾಠ ಮಾತ್ರ ಬೇರೆ.

ಹಾಗಾಗಿ ಇಲ್ಲೂ ಎಲ್ಲರ ಬಾಯಲ್ಲಿ ಒಂದೇ ಮಾತು. ಟ್ಯಾಬ್ ಕೊಡಿ, ಸ್ಮಾರ್ಟ್ ಬೋರ್ಡ್ ಹಾಕಿಸಿ, ಕೋಡಿಂಗ್ ಕಲಿಸಿ. ನನ್ನ ತಕರಾರು ಇರುವುದು ಇಲ್ಲೇ. ನಾವು ಕಂಪ್ಯೂಟರ್ ಅನ್ನೋ ಸಾಮಾನನ್ನೂ ಕಂಪ್ಯೂಟರ್ ಸೈನ್ಸ್ ಅನ್ನೋ ವಿಷಯವನ್ನೂ ಒಂದೇ ಅಂದುಕೊಂಡಿದ್ದೇವೆ. ಸಾಮಾನು ಬಂದರೆ ವಿಷಯ ತಾನಾಗೇ ಬರುತ್ತೆ ಅಂತ ಕಾಯುತ್ತಿದ್ದೇವೆ. ಅದು ಬರೋದಿಲ್ಲ. ಸಾಮಾನು ಇಲ್ಲದಿದ್ದರೂ ವಿಷಯದ ಅರ್ಧ ಭಾಗ ಕಲಿಸಬಹುದು, ಇವತ್ತೇ, ಸೀಮೆಸುಣ್ಣ ಹಿಡಿದು.

ನಾನು ಓದುವಾಗ ನಮಗೆ ಫ್ಲಾಪಿ ಫಾರ್ಮ್ಯಾಟ್ ಮಾಡೋದನ್ನು ಒಂದು ತಿಂಗಳು ಕಲಿಸಿದ್ದರು. 1.44 ಎಂಬಿ ಹಿಡಿಯುವ ಆ ಚೌಕದ ತಟ್ಟೆಯನ್ನು ಈಗಿನ ಮಕ್ಕಳು ನೋಡಿರುವುದು 'ಸೇವ್' ಬಟನ್ ಚಿತ್ರದಲ್ಲಿ ಮಾತ್ರ. ಅದೇ, ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ 1936ರಲ್ಲಿ ಬರೆದದ್ದು ಇವತ್ತಿಗೂ ನಿಂತಿದೆ. ಆಗ ಎಲೆಕ್ಟ್ರಾನಿಕ್ ಕಂಪ್ಯೂಟರೇ ಇರಲಿಲ್ಲ. ಕಂಪ್ಯೂಟರ್ ಅಂದರೆ ಕೂತು ಲೆಕ್ಕ ಮಾಡುವ ಮನುಷ್ಯ ಅಂತ ಅರ್ಥ. ಅಂಥ ಒಬ್ಬ ಮನುಷ್ಯ, ಉದ್ದನೆಯ ಕಾಗದದ ಪಟ್ಟಿ, ಬರೆದು ಅಳಿಸಲು ಪೆನ್ಸಿಲ್, ಪಾಲಿಸಬೇಕಾದ ಒಂದಷ್ಟು ನಿಯಮ. ಇಷ್ಟರಲ್ಲೇ ಟ್ಯೂರಿಂಗ್, ಯಂತ್ರಕ್ಕೆ ಯಾವ ಲೆಕ್ಕ ಸಾಧ್ಯ, ಎಷ್ಟೇ ದೊಡ್ಡ ಯಂತ್ರ ಬಂದರೂ ಯಾವುದು ಸಾಧ್ಯವಿಲ್ಲ ಅಂತ ತೋರಿಸಿಬಿಟ್ಟರು. ತಿರುಳು ಅಂದರೆ ಇದು. ಕೆಲಸವನ್ನು ಹಂತ ಹಂತವಾಗಿ ಒಡೆಯೋದು, ಆ ಹಂತಗಳಿಗೆ ಎಷ್ಟು ಖರ್ಚು ಬೀಳುತ್ತೆ ಅಂತ ಎಣಿಸೋದು, ಅಕ್ಷರ, ಚಿತ್ರ, ದನಿ ಎಲ್ಲವನ್ನೂ ಅಂಕಿಯಾಗಿ ಇಡೋದು, ಎಲ್ಲಿ ತಪ್ಪು ನುಸುಳುತ್ತೆ ಅಂತ ಮೊದಲೇ ಯೋಚಿಸೋದು.

ಇರಲಿ, ಕ್ಲಾಸಿಗೆ ವಾಪಸ್ ಬರೋಣ.

ಕರೆಂಟ್ ಇಲ್ಲ ಅನ್ನೋದನ್ನೇ ಪಾಠ ಮಾಡಿದೆ. ಕೊಡಗಿನಲ್ಲಿ ಮಳೆಗಾಲ ಕಳೆದ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ಲೈನ್ ಹೋಗೋದು ತೋಟದ ನಡುವೆ, ಕಾಡಿನ ಅಂಚಲ್ಲಿ. ಗಾಳಿಗೆ ಒಂದು ಸಿಲ್ವರ್ ಓಕ್ ಬಿತ್ತು ಅಂದರೆ ಹತ್ತು ಊರು ಕತ್ತಲೆ. ಬೋರ್ಡ್ ಮೇಲೆ ಒಂದು ಗೆರೆ ಎಳೆದು, ಒಂದು ತುದಿಯಲ್ಲಿ ಸಬ್‌ಸ್ಟೇಷನ್, ಇನ್ನೊಂದು ತುದಿಯಲ್ಲಿ ನಿಮ್ಮ ಶಾಲೆ, ಮಧ್ಯೆ 64 ಕಂಬ ಅಂತ ಹಾಕಿದೆ. ಯಾವುದೋ ಒಂದು ಕಡೆ ತಂತಿ ಮೇಲೆ ಮರ ಬಿದ್ದಿದೆ. ಎಲ್ಲಿ ಅಂತ ಗೊತ್ತಿಲ್ಲ. ನೀವು ಲೈನ್‌ಮ್ಯಾನ್. ಏನು ಮಾಡ್ತೀರಿ?

ಮೊದಲ ಉತ್ತರ, "ನಡ್ಕೊಂಡು ನೋಡ್ತಾ ಹೋಗ್ತೀವಿ." ಸರಿ, ಮರ 64ನೇ ಕಂಬದ ಹತ್ತಿರ ಬಿದ್ದಿದ್ದರೆ? ಈ ಮಳೆಯಲ್ಲಿ, ಜಿಗಣೆ ಮಧ್ಯೆ, 64 ಕಂಬ ನೋಡಬೇಕು. ಹಿಂದಿನ ಬೆಂಚಿನ ಒಬ್ಬ ಹುಡುಗ ಕೈ ಎತ್ತಿದ. ಅವನ ಮಾವ ಲೈನ್‌ಮ್ಯಾನ್ ಅಂತೆ. "ಮಾವ ಹಂಗೆ ನಡೆಯಲ್ಲ ಸಾರ್. ನಡುವೆ ಒಂದ್ ಕಡೆ ಲೈನ್ ಬಿಚ್ತಾರೆ, ಆಮೇಲೆ ಸ್ಟೇಷನ್‌ಗೆ ಫೋನ್ ಮಾಡಿ ಕರೆಂಟ್ ಬಿಡಿ ಅಂತಾರೆ. ಕರೆಂಟ್ ಹೋಗ್ದೆ ನಿಂತ್ರೆ ಈಕಡೆ, ಸ್ಟೇಷನ್ ಕಡೆ ಸರಿ ಇದೆ ಅಂತ. ಟ್ರಿಪ್ ಆದ್ರೆ ಈಕಡೆನೇ ಏನೋ ಇದೆ ಅಂತ."

ಇಡೀ ಪಾಠ ಅವನೇ ಮಾಡಿ ಮುಗಿಸಿದ ಹಾಗಾಯ್ತು. 32ನೇ ಕಂಬದಲ್ಲಿ ಬಿಚ್ಚಿ ಕರೆಂಟ್ ಬಿಟ್ಟರೆ ಒಂದೇ ಏಟಿಗೆ ಅರ್ಧ ಲೈನ್ ಲೆಕ್ಕದಿಂದ ಹೊರಗೆ. ಉಳಿದ 32ರಲ್ಲಿ ಮತ್ತೆ ಅರ್ಧ, 16. ಆಮೇಲೆ 8, 4, 2, 1. ಆರೇ ಪರೀಕ್ಷೆ. ಕಂಬ 128 ಆದರೆ ಕೆಲಸ ದುಪ್ಪಟ್ಟು ಆಗಲ್ಲ, ಒಂದೇ ಒಂದು ಪರೀಕ್ಷೆ ಜಾಸ್ತಿ. ಸಾವಿರ ಕಂಬಕ್ಕೆ ಹತ್ತು. ಹತ್ತು ಲಕ್ಷ ಕಂಬ ಇದ್ದರೂ ಇಪ್ಪತ್ತರಲ್ಲಿ ಮುಗಿಯುತ್ತೆ. ಪುಸ್ತಕದಲ್ಲಿ ಇದಕ್ಕೆ ಬೈನರಿ ಸರ್ಚ್ ಅಂತ ಹೆಸರು. ನಿಮ್ಮ ಫೋನು, ಬ್ಯಾಂಕು, ರೈಲು ಟಿಕೆಟ್ಟು ಎಲ್ಲದರ ಹೊಟ್ಟೆಯಲ್ಲಿ ಈ ಅರ್ಧ ಮಾಡುವ ಉಪಾಯ ಒಂದಲ್ಲ ಒಂದು ರೂಪದಲ್ಲಿ ಕೂತಿದೆ. ಹೆಸರು ಕೊನೆಗೆ ಹೇಳಿದೆ, ಬೇಕಂತಲೇ. ಹೆಸರು ಮೊದಲು ಹೇಳಿದರೆ ಅದೂ ಫುಲ್ ಫಾರ್ಮ್ ಪಟ್ಟಿಗೆ ಸೇರಿಬಿಡುತ್ತೆ.

ಆಮೇಲೆ ನಡೆದದ್ದು ನಾನು ಯೋಚಿಸಿರಲಿಲ್ಲ. ಕಿಟಕಿ ಪಕ್ಕದ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು, "ಎರಡು ಕಡೆ ಮರ ಬಿದ್ದಿದ್ರೆ ಸಾರ್?"

ಎಂಜಿನಿಯರಿಂಗ್ ಕಾಲೇಜಿನಲ್ಲಿ ಬೈನರಿ ಸರ್ಚ್ ಕಲಿತ ನನ್ನ ಜೊತೆಗಾರರು ಯಾರೂ ಈ ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ. ನಾನೂ ಕೇಳಿರಲಿಲ್ಲ. ನಮಗೆ ಪುಸ್ತಕ 'ಹುಡುಕುವ ವಸ್ತು ಒಂದೇ ಇದೆ' ಅಂತ ಕೊಟ್ಟಿತ್ತು, ನಾವು ಒಪ್ಪಿಕೊಂಡಿದ್ದೆವು. ಈ ಹುಡುಗಿಗೆ ಮಳೆಗಾಲ ಗೊತ್ತು, ಮರ ಒಂದೇ ಬೀಳುತ್ತೆ ಅಂತ ಯಾರೂ ಬರೆದುಕೊಟ್ಟಿಲ್ಲ ಅಂತ ಗೊತ್ತು. ಒಂದು ವಿಧಾನದ ಕೆಳಗೆ ಯಾವ ನಂಬಿಕೆ ಅಡಗಿದೆ, ಆ ನಂಬಿಕೆ ಸುಳ್ಳಾದರೆ ವಿಧಾನ ಏನಾಗುತ್ತೆ ಅಂತ ಕೇಳೋದು ಕಂಪ್ಯೂಟರ್ ಸೈನ್ಸಿನ ಅತಿ ಕಷ್ಟದ ಭಾಗ. ಅದು ಕರೆಂಟಿಲ್ಲದ ರೂಮಿನಲ್ಲಿ ಹದಿನಾಲ್ಕು ವರ್ಷದ ಹುಡುಗಿಯ ಬಾಯಿಂದ ಬಂತು. ಉತ್ತರ ನಾನು ಹೇಳಲಿಲ್ಲ, ನೀವೇ ಯೋಚನೆ ಮಾಡ್ತಾ ಇರಿ ಅಂದೆ.

ಮುಂದೆ ಹೋಗುವ ಮೊದಲು ಇನ್ನೊಂದು ಮಾತು. ಆ ಹುಡುಗ ಇನ್ನೂ ಒಂದು ವಿಷಯ ಸೇರಿಸಿದ. ಅವನ ಮಾವ ಯಾವಾಗಲೂ ಸರಿಯಾಗಿ ಮಧ್ಯಕ್ಕೆ ಹೋಗಲ್ಲವಂತೆ. ಮರ ಜಾಸ್ತಿ ಇರುವ ಕಡೆ, ಹೋದ ವರ್ಷ ಬಿದ್ದ ಕಡೆ ಮೊದಲು ನೋಡುತ್ತಾರಂತೆ. ಇದನ್ನು ನೆನಪಿಟ್ಟುಕೊಳ್ಳಿ, ಎಐ ವಿಷಯಕ್ಕೆ ಬಂದಾಗ ಬೇಕಾಗುತ್ತೆ.

ಖರ್ಚಿನ ಲೆಕ್ಕ

ಹದಿನಾರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎತ್ತರದ ಪ್ರಕಾರ ಜೋಡಿಸಿ ಅಂದೆ. ಷರತ್ತು ಒಂದೇ, ಒಂದು ಸಲಕ್ಕೆ ಇಬ್ಬರನ್ನು ಮಾತ್ರ ಅಕ್ಕಪಕ್ಕ ನಿಲ್ಲಿಸಿ ನೋಡಬೇಕು, ಪ್ರತಿ ಸಲಕ್ಕೆ ಬೋರ್ಡಿನಲ್ಲಿ ಒಂದು ಗೆರೆ. ಕಂಪ್ಯೂಟರಿಗೂ ಅಷ್ಟೇ, ಸಾಲನ್ನು ಒಟ್ಟಿಗೆ ನೋಡಿ "ಇವನೇ ಉದ್ದ" ಅನ್ನೋಕೆ ಅದಕ್ಕೆ ಬರಲ್ಲ.

ಮೊದಲು ಎಲ್ಲರಿಗೂ ಹೊಳೆಯುವ ದಾರಿ ಹಿಡಿದರು. ಎಲ್ಲರಿಗಿಂತ ಗಿಡ್ಡ ಯಾರು ಅಂತ ಹುಡುಕಿ ಮೊದಲು ನಿಲ್ಲಿಸೋದು, ಉಳಿದವರಲ್ಲಿ ಗಿಡ್ಡ ಯಾರು, ಹೀಗೆ. 120 ಗೆರೆ ಬಿತ್ತು. ಎರಡನೇ ಸಲ ಒಬ್ಬೊಬ್ಬರನ್ನೇ ಬಿಡಿಸಿ, ಇಬ್ಬಿಬ್ಬರ ಜೋಡಿ ಮಾಡಿ, ಜೋಡಿಗಳನ್ನು ಕೂಡಿಸಿ ನಾಲ್ಕರ ಸಾಲು, ಆಮೇಲೆ ಎಂಟರ ಸಾಲು, ಕೊನೆಗೆ ಹದಿನಾರರ ಸಾಲು ಮಾಡಿದೆವು. ಎರಡು ಸಾಲು ಕೂಡಿಸುವಾಗ ಮುಂದೆ ನಿಂತ ಇಬ್ಬರನ್ನು ನೋಡಿದರೆ ಸಾಕು, ಹಿಂದಿನವರು ಹೇಗೂ ಅವರಿಗಿಂತ ಉದ್ದ. ಈ ಸಲ ಎಷ್ಟೇ ಕೆಟ್ಟದಾಗಿ ನಿಂತಿದ್ದರೂ 49 ಗೆರೆ ದಾಟೋದಿಲ್ಲ.

120ಕ್ಕೂ 49ಕ್ಕೂ ವ್ಯತ್ಯಾಸ ಅಷ್ಟೇನಾ ಅನ್ನಿಸಬಹುದು. ಮೂರು ಸಾವಿರ ಜನರನ್ನು ಜೋಡಿಸಿ ನೋಡಿ. ಮೊದಲ ದಾರಿಗೆ ಸುಮಾರು 45 ಲಕ್ಷ ಹೋಲಿಕೆ. ಎರಡನೆಯದಕ್ಕೆ ಹೆಚ್ಚೆಂದರೆ 32 ಸಾವಿರ. ಇದೇ ಕಾರಣಕ್ಕೆ ಹಳೇ ಕಂಪ್ಯೂಟರ್ ಮೇಲೆ ಒಳ್ಳೇ ವಿಧಾನ ಓಡಿಸಿದರೆ, ಹೊಸ ಕಂಪ್ಯೂಟರ್ ಮೇಲಿನ ದಡ್ಡ ವಿಧಾನವನ್ನು ಹಿಂದೆ ಹಾಕುತ್ತೆ. ಲ್ಯಾಬಿಗೆ ಹೊಸ ಮೆಷಿನ್ ಬೇಕು ಅಂತ ಅರ್ಜಿ ಬರೆಯುವವರೂ ಇದನ್ನೊಮ್ಮೆ ಓದಬೇಕು.

ಅಷ್ಟರಲ್ಲಿ ಲೈನ್‌ಮನೆಯಿಂದ (ತೋಟದ ಕೆಲಸಗಾರರ ಸಾಲುಮನೆ) ಬರುವ ಒಬ್ಬ ಹುಡುಗ, ಅವನ ಅಮ್ಮ ಕುಶಾಲನಗರದ ಕಡೆ ಕಾಫಿ ಬೀಜ ಹದಮಾಡಿ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೆಲಸ ಮಾಡಿದವರು, ಇನ್ನೊಂದು ಹೇಳಿದ. "ಅಲ್ಲಿ ಬೀಜಾನ ಹಿಂಗೆ ಅಕ್ಕಪಕ್ಕ ಇಟ್ಟು ನೋಡಲ್ಲ, ಜರಡಿಲಿ ಹಾಕ್ತಾರೆ." ನಿಜ. ಬೇರೆ ಬೇರೆ ಅಳತೆಯ ತೂತಿರುವ ಜರಡಿ ಒಂದರ ಕೆಳಗೊಂದು. ಬೀಜ ತಾನೇ ತನ್ನ ಜಾಗಕ್ಕೆ ಬೀಳುತ್ತೆ. ದೊಡ್ಡದು ಡಬಲ್ ಎ, ಅದಕ್ಕಿಂತ ಚಿಕ್ಕದು ಎ, ಆಮೇಲೆ ಬಿ. ಯಾವ ಬೀಜವನ್ನೂ ಇನ್ನೊಂದರ ಜೊತೆ ಹೋಲಿಸಿಲ್ಲ, ಆದರೂ ಎಲ್ಲ ವಿಂಗಡ ಆಗಿದೆ. ಇದಕ್ಕೂ ಕಂಪ್ಯೂಟರ್ ಸೈನ್ಸಿನಲ್ಲಿ ಹೆಸರಿದೆ, ಬಕೆಟ್ ಸಾರ್ಟ್. ಅಳತೆ ಮೊದಲೇ ಗೊತ್ತಿದ್ದರೆ ಮಾತ್ರ ಈ ಉಪಾಯ ನಡೆಯುತ್ತೆ ಅನ್ನೋದನ್ನೂ ಅವನೇ ಹೇಳಿದ. ಜರಡಿ ತೂತು ಎಷ್ಟು ದೊಡ್ಡದಿರಬೇಕು ಅಂತ ಯಾರೋ ಮೊದಲೇ ತೀರ್ಮಾನ ಮಾಡಿರಬೇಕಲ್ವಾ.

ಒಳ್ಳೇ ವಿಧಾನ ಇನ್ನೂ ಸಿಗದ ಲೆಕ್ಕಗಳೂ ಇವೆ. ಒಂದು ಜೀಪು 15 ತೋಟಗಳಿಗೆ ಗೊಬ್ಬರ ಇಳಿಸಬೇಕು, ಅತಿ ಕಡಿಮೆ ಡೀಸೆಲ್‌ನಲ್ಲಿ. ಯಾವ ಕ್ರಮದಲ್ಲಿ ಹೋಗಬೇಕು? ಎಲ್ಲ ಕ್ರಮ ಬರೆದರೆ 1 ಲಕ್ಷ 30 ಸಾವಿರ ಕೋಟಿ ಆಗುತ್ತೆ. ಸೆಕೆಂಡಿಗೆ ಹತ್ತು ಲಕ್ಷ ಕ್ರಮ ನೋಡುವ ಕಂಪ್ಯೂಟರಿಗೆ ಸುಮಾರು 15 ದಿನ. ತೋಟ 20 ಆದರೆ? 77 ಸಾವಿರ ವರ್ಷ. ಐದು ತೋಟ ಸೇರಿಸಿದ್ದಕ್ಕೆ! ಇನ್ನೂ ಜಾಣ ಉಪಾಯಗಳಿಂದ ಇದನ್ನು ಬಹಳ ಇಳಿಸಬಹುದು. ಆದರೆ ತೋಟ ಎಷ್ಟೇ ಹೆಚ್ಚಾದರೂ ಅತ್ಯುತ್ತಮ ದಾರಿಯನ್ನೇ ಬೇಗ ಕೊಡುವ ವಿಧಾನ ಇಲ್ಲಿಯವರೆಗೆ ಯಾರಿಗೂ ಸಿಕ್ಕಿಲ್ಲ. ಸಿಗೋದೇ ಇಲ್ಲ ಅಂತ ಸಾಬೀತು ಕೂಡ ಆಗಿಲ್ಲ. ನಮ್ಮ ಜೀಪ್ ಡ್ರೈವರ್ ಮಾತ್ರ ಎರಡು ನಿಮಿಷದಲ್ಲಿ ಒಂದು ಪರವಾಗಿಲ್ಲ ಅನ್ನುವ ದಾರಿ ಹುಡುಕಿ ಹೊರಟುಬಿಡುತ್ತಾರೆ. ಪರವಾಗಿಲ್ಲ ಅನ್ನೋದು ಸಾಕು ಅಂತ ಯಾವಾಗ ಒಪ್ಪಿಕೊಳ್ಳಬೇಕು ಅನ್ನೋದೂ ಈ ವಿಷಯದ ಒಳಗೇ ಬರುತ್ತೆ.

'ಕ' ಅಂದರೆ 3221

ಇದು ನನಗೆ ಸ್ವಲ್ಪ ಸಿಟ್ಟು ತರಿಸುವ ಭಾಗ, ಯಾಕಂದರೆ ಕೈ ಸುಟ್ಟುಕೊಂಡಿದ್ದೇನೆ. ಕೆಲವು ವರ್ಷದ ಹಿಂದೆ ತೋಟದ ದಾಖಲೆಗೆ ಸಂಬಂಧಿಸಿದ ಒಂದು ಅರ್ಜಿಯನ್ನು ಪೇಟೆಯ ಡಿಟಿಪಿ ಅಂಗಡಿಯಲ್ಲಿ ಕನ್ನಡದಲ್ಲಿ ಟೈಪ್ ಮಾಡಿಸಿ, ಮೇಲ್‌ನಲ್ಲಿ ಒಂದು ಆಫೀಸಿಗೆ ಕಳಿಸಿದೆ. ಅಲ್ಲಿ ತೆರೆದಾಗ 'ಕೊಡಗು' ಅಂತ ಇದ್ದ ಕಡೆ ಇಂಗ್ಲಿಷಿನ ಪಿ, ಕ್ಯೂ, ಯು, ಅವುಗಳ ತಲೆ ಮೇಲೆ ಗೆರೆ, ಚುಕ್ಕಿ. ಮೂರು ಪುಟ ಪೂರ್ತಿ ಹಾಗೇ. ಆಫೀಸಿನವರು "ನಿಮ್ಮ ಫೈಲಿಗೆ ವೈರಸ್ ಬಂದಿದೆ" ಅಂತ ವಾಪಸ್ ಕಳಿಸಿದರು. ವೈರಸ್ಸೂ ಇಲ್ಲ, ಏನೂ ಇಲ್ಲ.

ಆದದ್ದು ಇಷ್ಟು. ಕಂಪ್ಯೂಟರಿನೊಳಗೆ ಅಕ್ಷರ ಇರೋದಿಲ್ಲ, ಅಂಕಿ ಇರುತ್ತೆ. ಯಾವ ಅಂಕಿಗೆ ಯಾವ ಅಕ್ಷರ ಅಂತ ಒಂದು ಪಟ್ಟಿ ಇರುತ್ತೆ, ಬರೆಯುವವರೂ ಓದುವವರೂ ಒಂದೇ ಪಟ್ಟಿ ನೋಡಬೇಕು. ಹಳೆಯ ಆಸ್ಕಿ ಪಟ್ಟಿಯಲ್ಲಿ ಇದ್ದದ್ದು 128 ಜಾಗ, ಅದರಲ್ಲಿ ಇಂಗ್ಲಿಷ್ ಮಾತ್ರ. ಹಾಗಾಗಿ ಹಿಂದೆ ಕನ್ನಡದವರು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರಗಳ, ಯುರೋಪಿನ ಚಿಹ್ನೆಗಳ ಅಂಕಿಯನ್ನೇ ಇಟ್ಟುಕೊಂಡು, ಮೇಲಿನ ಫಾಂಟಿನಲ್ಲಿ ಕನ್ನಡದ ಚಿತ್ರ ಬರೆದರು. ಆ ಫಾಂಟ್ ಇರುವ ಕಡೆ ಚೆಂದದ ಕನ್ನಡ, ಇಲ್ಲದ ಕಡೆ ಬಣ್ಣ ಬಯಲು. ವೇಷ ಕಳಚಿದ ಮೇಲೆ ಬಸವಣ್ಣನ ಪಾತ್ರಧಾರಿ ಬೀಡಿ ಸೇದೋದು ಕಂಡ ಹಾಗೆ.

ಯೂನಿಕೋಡ್ ಈ ಜಗಳ ಬಗೆಹರಿಸಿತು. ಅದರ ಮೊದಲ ಆವೃತ್ತಿ ಬಂದ 1991ರಲ್ಲೇ ಕನ್ನಡಕ್ಕೆ ಅದರಲ್ಲಿ ಸ್ವಂತ ಜಾಗ ಸಿಕ್ಕಿತು, 3200ರಿಂದ 3327ರವರೆಗೆ 128 ಮನೆ. ಅದರಲ್ಲಿ 'ಕ' ಅಂದರೆ 3221. ಮಕ್ಕಳ ಕೈಲಿ ಆ ಸಂಖ್ಯೆಯನ್ನು ಎರಡರಿಂದ ಭಾಗಿಸುತ್ತಾ ಹೋಗಿಸಿದೆ, 110010010101 ಅಂತ ಬಂತು. ಹನ್ನೆರಡು ಮಕ್ಕಳು ಎದ್ದು ನಿಂತು, 1 ಇದ್ದವರು ಕೈ ಮೇಲೆ, 0 ಇದ್ದವರು ಕೈ ಕೆಳಗೆ. "ಈಗ ನೀವೆಲ್ಲ ಸೇರಿ ಒಂದು 'ಕ'" ಅಂದಾಗ ಆದ ಗಲಾಟೆಗೆ ಪಕ್ಕದ ಕ್ಲಾಸಿನ ಟೀಚರ್ ಬಂದು ಇಣುಕಿ ಹೋದರು.

'ಕೊಡಗು' ಅನ್ನೋದಕ್ಕೆ ಯೂನಿಕೋಡಿನಲ್ಲಿ ಐದು ಸಂಖ್ಯೆ. ಕ, ಒತ್ವದ ಗುರುತು, ಡ, ಗ, ಕೊಂಬು. ಇಂಟರ್‌ನೆಟ್ಟಿನಲ್ಲಿ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟ್ (ಎಂಟು 0-1 ಸೇರಿದರೆ ಒಂದು ಬೈಟ್), ಒಟ್ಟು 15. ಅದೇ ಹೆಸರು ಇಂಗ್ಲಿಷ್ ಅಕ್ಷರದಲ್ಲಿ 6 ಬೈಟ್. ಹಳೇ ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿಗೆ 160 ಅಕ್ಷರ ಸಿಗುತ್ತಿತ್ತು, ಕನ್ನಡದಲ್ಲಿ ಬರೆದರೆ 70ಕ್ಕೇ ಮುಗಿಯುತ್ತಿತ್ತು. ಅಲ್ಲಿನ ಪದ್ಧತಿ ಬೇರೆ, ಇಂಗ್ಲಿಷ್ ಅಕ್ಷರಕ್ಕೆ ಏಳು 0-1 ಸಾಕು, ಕನ್ನಡಕ್ಕೆ ಹದಿನಾರು ಬೇಕು. ಪಟ್ಟಿ ಮಾಡುವಾಗ ಯಾರು ಮೊದಲು ಕೂತರೋ ಅವರಿಗೆ ಚಿಕ್ಕ ಅಂಕಿ, ತಡವಾಗಿ ಬಂದವರಿಗೆ ದೊಡ್ಡ ಅಂಕಿ. ಬಸ್ಸಿನ ಸೀಟಿನ ಹಾಗೆ. ಸಮಾಜ ವಿಜ್ಞಾನದ ಮೇಷ್ಟ್ರು ಈ ಪಾಠ ತೆಗೆದುಕೊಂಡರೂ ತಪ್ಪಿಲ್ಲ.

ಅಂಕಿಯ ವಿಷಯ ಬಂದಾಗ ಮಳೆ ಲೆಕ್ಕ ಬಿಡೋಕಾಗಲ್ಲ. ಕೊಡಗಿನ ತೋಟದ ಮನೆಗಳಲ್ಲಿ ಮಳೆ ಅಳೆಯೋದು ಇಂಚು ಮತ್ತು ಸೆಂಟಿನಲ್ಲಿ, ನೂರು ಸೆಂಟಿಗೆ ಒಂದು ಇಂಚು. ಅಜ್ಜಂದಿರ ಕಾಲದ ಡೈರಿಗಳಲ್ಲೂ ಹಾಗೇ. ಸರ್ಕಾರದ ಲೆಕ್ಕ ಮಿಲಿಮೀಟರ್. ಮೂರು ಇಂಚು 25 ಸೆಂಟು ಅಂದರೆ 82.55 ಮಿಲಿಮೀಟರ್. ಇಬ್ಬರ ಅಂಕಿಯನ್ನೂ ಒಂದೇ ಕಾಲಮ್ಮಿನಲ್ಲಿ ತುಂಬಿ ಸರಾಸರಿ ತೆಗೆದರೆ ಕಂಪ್ಯೂಟರ್ ಚಕಾರ ಎತ್ತಲ್ಲ, ಅಂಕಿ ಕೊಟ್ಟೇ ಕೊಡುತ್ತೆ. ನಾಸಾದಲ್ಲಿ 1999ರಲ್ಲಿ ಆದದ್ದು ಇದೇ ಜಾತಿಯ ತಪ್ಪು. ಒಂದು ತಂಡ ಪೌಂಡ್ ಲೆಕ್ಕದಲ್ಲಿ ಕೊಟ್ಟ ಸಂಖ್ಯೆಯನ್ನು ಇನ್ನೊಂದು ತಂಡದ ಸಾಫ್ಟ್‌ವೇರ್ ನ್ಯೂಟನ್ ಅಂತ ಓದಿತು, ಮಂಗಳದ ಹತ್ತಿರ ಹೋದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಅನ್ನುವ ನೌಕೆ ಕಳೆದೇ ಹೋಯಿತು.

ನೆಟ್‌ವರ್ಕ್ ಬಗ್ಗೆ ಜಾಸ್ತಿ ಹೇಳಬೇಕಿರಲಿಲ್ಲ. 2018ರ ಆಗಸ್ಟ್ ಆ ಮಕ್ಕಳಿಗೆ ಅರೆಬರೆ ನೆನಪು, ಮನೆಯವರಿಗೆ ಚೆನ್ನಾಗಿ ನೆನಪು. ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದಾಗ ಮಂಗಳೂರಿಗೆ ಹೋಗಬೇಕಾದವರು ಬೇರೆ ದಾರಿ ಸುತ್ತಿದರು. ಇಂಟರ್‌ನೆಟ್ ಕೂಡ ಹಾಗೇ ಕಟ್ಟಿದ್ದು. ನಿಮ್ಮ ಒಂದು ಫೋಟೊ ಸಣ್ಣ ಸಣ್ಣ ಪೊಟ್ಟಣಗಳಾಗಿ ಹೊರಡುತ್ತೆ, ಒಂದು ದಾರಿ ಮುಚ್ಚಿದರೆ ಇನ್ನೊಂದು ಹಿಡಿಯುತ್ತೆ, ಆ ಕಡೆ ಹೋಗಿ ಸೇರಿಕೊಳ್ಳುತ್ತೆ. ಎರಡನೇ ದಾರಿ ಇದ್ದರೆ ಮಾತ್ರ. ನಮ್ಮೂರಿನ ಟವರಿಗೆ ಒಂದೇ ಕೇಬಲ್ ಬರುತ್ತಿದ್ದರೆ ಎಂಥ ಜಾಣ ಇಂಟರ್‌ನೆಟ್ಟೂ ಏನೂ ಮಾಡೋಕಾಗಲ್ಲ. ಜೆಸಿಬಿ ಬಂದ ದಿನ ನೆಟ್‌ವರ್ಕ್ ಯಾಕೆ ಹೋಗುತ್ತೆ ಅಂತ ಈಗ ಕೇಳಬೇಡಿ.

ಎಐ ಇರುವಾಗ ಇದೆಲ್ಲ ಯಾಕೆ?

ಈ ಪ್ರಶ್ನೆ ಮೇಷ್ಟ್ರದ್ದು. ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಬಂದ ಮೇಲೆ ಕೋಡ್ ಬರೆಯೋದನ್ನೂ ಅದೇ ಮಾಡುತ್ತಲ್ಲ, ಮಕ್ಕಳು ಯಾಕೆ ಕಲಿಯಬೇಕು? ನ್ಯಾಯವಾದ ಪ್ರಶ್ನೆ. ಕೋಡಿಂಗ್ ಅಂದರೆ ಆವರಣ ಚಿಹ್ನೆ ಎಲ್ಲಿ ಹಾಕಬೇಕು ಅನ್ನೋದು ಮಾತ್ರ ಆಗಿದ್ದರೆ ಕಲಿಯೋದು ಬೇಡ ಅಂತಲೇ ನಾನೂ ಹೇಳುತ್ತೇನೆ.

ಈಗ ಲೈನ್‌ಮ್ಯಾನ್ ಮಾವನನ್ನು ಕರೆಯಿರಿ. ಹೋದ ವರ್ಷ ಬಿದ್ದ ಕಡೆ ಮೊದಲು ನೋಡೋದು, ಅದು ಅನುಭವದ ಊಹೆ. ಎಐ ಮಾಡೋದೂ ಒಂದು ರೀತಿ ಅದನ್ನೇ, ಕೋಟಿಗಟ್ಟಲೆ ಉದಾಹರಣೆ ನೋಡಿ ಇಲ್ಲಿ ಹೀಗಿರಬಹುದು ಅಂತ ಊಹಿಸುತ್ತೆ. ಬಹಳ ಸಲ ಸರಿ ಇರುತ್ತೆ. ಆದರೆ ಮಾವ ಊಹೆ ಮಾಡಿ ಮನೆಗೆ ಹೋಗಲ್ಲ, ಲೈನ್ ಬಿಚ್ಚಿ ಕರೆಂಟ್ ಬಿಟ್ಟು ನೋಡುತ್ತಾರೆ. ಊಹೆ ಯಾವುದು, ಪರೀಕ್ಷೆ ಯಾವುದು ಅಂತ ಗೊತ್ತಿಲ್ಲದವರ ಕೈಗೆ ಎಐ ಕೊಟ್ಟರೆ ಊಹೆಯನ್ನೇ ಉತ್ತರ ಅಂದುಕೊಳ್ಳುತ್ತಾರೆ.

ಉದಾಹರಣೆಗಳು ಎಲ್ಲಿಂದ ಬಂದವು ಅನ್ನೋದು ಇನ್ನೂ ಮುಖ್ಯ. ಕಾಫಿ ಮಾರಿದ ಮನೆಯ ಮಕ್ಕಳಿಗೆ ಇದು ಅರೆ ಕ್ಷಣದಲ್ಲಿ ಅರ್ಥ ಆಯಿತು. ವ್ಯಾಪಾರಿ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮೂಟೆ ಪೂರ್ತಿ ಬಿಚ್ಚಿ ನೋಡಲ್ಲ, ಸ್ವಲ್ಪ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ಔಟ್‌ಟರ್ನ್ ಹೇಳುತ್ತಾರೆ. 50 ಕೆಜಿ ಮೂಟೆಗೆ ಎಷ್ಟು ಕೆಜಿ ಬೀಜ ಇಳಿಯುತ್ತೆ ಅನ್ನೋದು ಔಟ್‌ಟರ್ನ್, ಅದರ ಮೇಲೆ ರೇಟು. ಸ್ಯಾಂಪಲ್ ಮೂಟೆಯ ಮೇಲಿನಿಂದಲೇ ತೆಗೆದರೆ? "ಮೇಲೆ ಒಳ್ಳೇದು ಹಾಕಿರ್ತಾರೆ ಸಾರ್" ಅಂತ ನಾಲ್ಕೈದು ಜನ ಒಟ್ಟಿಗೆ. ಹೌದಲ್ಲ! ಎಐ ಕಲಿತಿರುವುದು ಬಹುಪಾಲು ಇಂಗ್ಲಿಷ್ ಬರಹದಿಂದ, ಕನ್ನಡ ಆ ಮೂಟೆಯ ತಳದಲ್ಲೆಲ್ಲೋ ಒಂದು ಹಿಡಿ. ಬಯಲಲ್ಲಿ ಬೆಳೆದ ಕಾಫಿಯ ಎಲೆ ಫೋಟೊ ನೋಡಿ ರೋಗ ಹೇಳಲು ಕಲಿತ ಒಂದು ಆ್ಯಪ್, ನಮ್ಮ ಮರದ ನೆರಳಿನ, ಮಳೆಯಲ್ಲಿ ತೊಯ್ದ ಎಲೆ ನೋಡಿ ತಬ್ಬಿಬ್ಬಾದರೆ ಆಶ್ಚರ್ಯ ಏನಿಲ್ಲ. ಯಾವ ಕಂಪನಿಯ ಜಾಹೀರಾತೂ ಇದನ್ನು ಹೇಳಲ್ಲ, ಮೂಟೆ ಕಟ್ಟಿ ಗೊತ್ತಿರುವವರು ತಾವಾಗೇ ಕೇಳುತ್ತಾರೆ.

ಹಾಗಂತ ಲ್ಯಾಬೇ ಬೇಡ, ಸೀಮೆಸುಣ್ಣ ಸಾಕು ಅಂತ ನಾನು ಹೇಳಿದೆ ಅಂತ ಯಾರಾದರೂ ಎಲ್ಲಾದರೂ ಹಾಕಿದರೆ ಅದು ಸುಳ್ಳು. ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ಸೈನ್ಸ್ ಕಲಿಸುವ ಆಟಗಳನ್ನು ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಅವರ ಜೊತೆಗಾರರು 1990ರ ದಶಕದಿಂದ ಕಟ್ಟಿಕೊಂಡು ಬಂದಿದ್ದಾರೆ, ಜಗತ್ತಿನ ಎಷ್ಟೋ ಕಡೆ ನಡೆಯುತ್ತಿವೆ. ಆದರೂ ಒಂದು ಹಂತ ಆದ ಮೇಲೆ ಮೆಷಿನ್ ಬೇಕೇ ಬೇಕು. ಬೋರ್ಡಿನ ಮೇಲೆ ನೀವು ಬರೆದ ಹಂತಗಳಲ್ಲಿ ಒಂದು ಬಿಟ್ಟುಹೋಗಿದ್ದರೆ ಮೇಷ್ಟ್ರು "ಇರಲಿ, ಅರ್ಥ ಆಯ್ತು" ಅಂತಾರೆ, ಸ್ನೇಹಿತರು ಊಹೆ ಮಾಡಿಕೊಳ್ಳುತ್ತಾರೆ. ಮೆಷಿನ್ ಮಾತ್ರ ನೀವು ಹೇಳಿದ್ದನ್ನೇ ಮಾಡುತ್ತೆ, ಅಂದುಕೊಂಡದ್ದನ್ನು ಮಾಡಲ್ಲ. ಅದರ ಆ ಮೊಂಡುತನವೇ ಒಳ್ಳೇ ಮೇಷ್ಟ್ರು. ಅದು ಸಿಗದೆ ಬೆಳೆದ ಮಕ್ಕಳಿಗೆ ತಿರುಳು ಅರ್ಧ ಮಾತ್ರ ಸಿಕ್ಕ ಹಾಗೆ.

ಕಲಿಸೋರು ಯಾರು ಅನ್ನೋದು ಇನ್ನೂ ದೊಡ್ಡ ಪ್ರಶ್ನೆ. ಇಂಗ್ಲೆಂಡಿನ ಕತೆ ನೋಡಿ. ಅಲ್ಲೂ ಶಾಲೆಯಲ್ಲಿ ವರ್ಡ್, ಎಕ್ಸೆಲ್ ಕಲಿಸಿ ಅದನ್ನೇ ಕಂಪ್ಯೂಟರ್ ಶಿಕ್ಷಣ ಅನ್ನುತ್ತಿದ್ದರು. 2012ರ ಜನವರಿಯಲ್ಲಿ ಅಲ್ಲಿನ ವಿಜ್ಞಾನಿಗಳ ಸಂಸ್ಥೆ ರಾಯಲ್ ಸೊಸೈಟಿ ಇದು ಹೀಗೆ ನಡೆಯಲ್ಲ ಅಂತ ವರದಿ ಕೊಟ್ಟಿತು, 2014ರ ಸೆಪ್ಟೆಂಬರಿಗೆ ಐದು ವರ್ಷದ ಮಕ್ಕಳಿಂದಲೇ ಹೊಸ ಪಠ್ಯ. ಪಠ್ಯ ಬದಲಾಯಿತು, ಟೀಚರ್‌ಗಳು ಅವರೇ. 2017ರಲ್ಲಿ ಅದೇ ಸೊಸೈಟಿ ಮತ್ತೆ ವರದಿ ಕೊಟ್ಟು, ಕಲಿಸುವವರಿಗೆ ಬೆಂಬಲ ಸಾಲದು ಅಂತ ಎಚ್ಚರಿಸಿತು. ಆಮೇಲೆ ಸರ್ಕಾರ 8.4 ಕೋಟಿ ಪೌಂಡ್ ತೆಗೆದಿಟ್ಟಿತು, ಬಹುಪಾಲು ಟೀಚರ್ ತರಬೇತಿಗೆ. ಅಷ್ಟು ಹಣ, ಅಷ್ಟು ಚಿಕ್ಕ ದೇಶ, ಅಲ್ಲೇ ಹೀಗೆ. ನಾವು ಟ್ಯಾಬಿನ ಟೆಂಡರಿನಿಂದ ಶುರು ಮಾಡುತ್ತೇವೆ, ಮೇಷ್ಟ್ರ ತರಬೇತಿ ಕೊನೆಗೆ ಉಳಿದರೆ ಎರಡು ದಿನದ ಆನ್‌ಲೈನ್ ಮೀಟಿಂಗ್, ಅದೂ ನೆಟ್‌ವರ್ಕ್ ಇದ್ದರೆ.

ನನ್ನ ಪ್ರಕಾರ ಖರ್ಚಿಲ್ಲದೆ ಮೊದಲು ಬದಲಾಯಿಸಬಹುದಾದದ್ದು ಪ್ರಶ್ನೆಪತ್ರಿಕೆ. ರ್‍ಯಾಮ್ ಫುಲ್ ಫಾರ್ಮ್ ಕೇಳೋದು ಬಿಡಿ. 64 ಕಂಬದ ಲೈನ್ ಕೊಡಿ. ಎಷ್ಟು ಪರೀಕ್ಷೆ ಬೇಕು, ಯಾಕೆ ಅಂತ ಕೇಳಿ. ಪ್ರಶ್ನೆ ಬದಲಾದರೆ ಪಾಠ ಬದಲಾಗುತ್ತೆ, ಗೈಡ್ ಪುಸ್ತಕ ಮಾಡುವವರೂ ಬದಲಾಗುತ್ತಾರೆ. ಗಣಿತದ ಮೇಷ್ಟ್ರಿಗೆ ಇದು ಹೊಸದೇನಲ್ಲ, ಅವರು ಕಲಿಸುವ ಘಾತಾಂಕಗಳೇ ಇಲ್ಲಿ ಬೇರೆ ಅಂಗಿ ಹಾಕಿಕೊಂಡು ಬಂದಿವೆ.

ಅವತ್ತು ಮೂರೂಮುಕ್ಕಾಲಿಗೆ ಕರೆಂಟ್ ಬಂತು. ಮಕ್ಕಳು ಹೋ ಅಂದರು, ಮೇಷ್ಟ್ರು ಓಡಿಹೋಗಿ ಲ್ಯಾಬ್ ಬೀಗ ತೆಗೆದರು. ಒಂದು ಮೆಷಿನ್ ಶುರುವಾಗಿ, ಅಪ್‌ಡೇಟ್ ಆಗುತ್ತಿದೆ ದಯವಿಟ್ಟು ಕಾಯಿರಿ ಅಂತ ಚಕ್ರ ತಿರುಗಿಸುತ್ತಾ ಕೂತಿತು. ಅದು ತಿರುಗುತ್ತಿರುವಾಗ ಕಿಟಕಿ ಪಕ್ಕದ ಹುಡುಗಿ ನೋಟ್‌ಬುಕ್ ಹಿಡಿದು ಬಂದಳು. ಎರಡು ಮರಕ್ಕೆ ಹದಿಮೂರು ಅಂತ ಬರೆದಿದ್ದಳು. ಮೊದಲ ಮರ ಹುಡುಕಲು ಆರು, ತೆಗೆದ ಮೇಲೆ ಇನ್ನೂ ಇದೆಯಾ ಅಂತ ಪೂರ್ತಿ ಲೈನ್ ಚಾರ್ಜ್ ಮಾಡಿ ನೋಡೋಕೆ ಒಂದು, ಎರಡನೆಯದಕ್ಕೆ ಮತ್ತೆ ಆರು. ಲೈನ್‌ಮ್ಯಾನ್ ಮಾವನ ಹುಡುಗ ಒಪ್ಪಲಿಲ್ಲ. ಯಾವಾಗಲೂ ಸ್ಟೇಷನ್ ಕಡೆಯ ಮರನೇ ಮೊದಲು ಸಿಗೋದು, ಅಲ್ಲಿಂದ ಹಿಂದಕ್ಕೆ ಮತ್ತೆ ಯಾಕೆ ನೋಡಬೇಕು, ಮುಂದಿನ ಕಂಬ ಮಾತ್ರ ನೋಡಿದರೆ ಸಾಕು, ಎಷ್ಟೋ ಸಲ ಹದಿಮೂರಕ್ಕಿಂತ ಕಡಿಮೆ ಆಗುತ್ತೆ ಅಂತ ಅವನ ವಾದ. "ಕಡಿಮೆ ಆಗ್ಬಹುದು, ಆದ್ರೆ ಆಗೇ ಆಗುತ್ತೆ ಅಂತ ಹೇಳು ನೋಡೋಣ" ಅಂದಳು ಅವಳು.

ನಾನು ಹೊರಡುವಾಗಲೂ ಅಪ್‌ಡೇಟ್ ಮುಗಿದಿರಲಿಲ್ಲ. ಅವರ ಜಗಳವೂ ಮುಗಿದಿರಲಿಲ್ಲ.